ಡೆಲ್ಮರನ ಮೇಲ್ದನಿ

ಡೆಲ್ಮರ್ ರಿಗ್ಸ್ ತೀರಿಕೊಂಡ ಸುದ್ದಿ ಒಲೀಟಾಳಿಗೆ ತಿಳಿದದ್ದು ಅವನನ್ನು ಮಣ್ಣು ಮಾಡಿ ಒಂಬತ್ತು ದಿನಗಳಾದ ಮೇಲೆ. ಜೂನ್ ತಿಂಗಳ ಬೆಳಗು. ಕೆಂಟಕಿಯ ಪಕ್ಕದ ಬೆಟ್ಟಸೀಮೆಯಲ್ಲಿರುವ ಬ್ರಿಸ್ಟಲ್ ಊರಿನ ತನ್ನ ಮನೆಯ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಫೋನಿನ ಆ ಕಡೆಯಿಂದ ಬಂದ ಹೆಂಗಸಿನ ದನಿಯನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

"ನಾನು ನೋರೀನ್ ಅಂತ. ಡೆಲ್ಮರ್ ಹೆಂಡ್ತಿ. ಪ್ರತಿ ಕ್ರಿಸ್‌ಮಸ್ಸಿಗೂ ನಿಮಗೆ ಕಾರ್ಡು ಬರೀತಿದ್ದೋಳು ನಾನೇ. ಅವರ ಅಕ್ಷರ ಕೋಳಿ ಕೆದರಿದ ಹಾಗಿರ್ತಿತ್ತಲ್ಲ, ಅದಕ್ಕೆ."

"ಹೇಳಿ ನೋರೀನ್," ಎಂದಳು ಒಲೀಟಾ. ಅಷ್ಟರಲ್ಲೇ ಅವಳಿಗೆ ವಿಷಯ ಹೊಳೆದಿತ್ತು.

"ಹೋಗ್ಬಿಟ್ರು ಕಣ್ರೀ. ಕೊಟ್ಟಿಗೆಯಿಂದ ಬಂದು ಬೂಟು ಬಿಚ್ಚೋಕೆ ಅಂತ ಕೂತೋರು. ಒಂದು ಬಿಚ್ಚಿದ್ರು, ಅಷ್ಟೇ."

ಆಮೇಲೆ ನೋರೀನ್ ಫೋನು ಮಾಡಿದ ಕಾರಣ ಹೇಳಿದಳು. ಜುಲೈ ತಿಂಗಳ ಎರಡನೇ ಶನಿವಾರ ತಮ್ಮೂರು ಸ್ಟೋನಿ ಫೋರ್ಕಿನ ರೈತರ ಸಭಾಮನೆಯಲ್ಲಿ ಎಲ್ಲರೂ ಸೇರಿ ಡೆಲ್ಮರನನ್ನು ನೆನೆಯುವುದೆಂದು ನಿಶ್ಚಯವಾಗಿತ್ತು. "ದನದ ಡಾಕ್ಟ್ರಲ್ವಾ, ಎಲ್ರೂ ಬರೀ ಹಸು ವಿಷ್ಯಾನೇ ಹೇಳ್ತಾರೆ. ಯಾರ ಹಸು ಉಳಿಸಿದ್ರು, ಯಾರ ಹೋರಿ ಕೈಲಿ ಒದೆ ತಿಂದ್ರು, ಇದೇ. ಮೂವತ್ತೆರಡನೇ ವಯಸ್ಸಿನವರೆಗೂ ಆ ಮನುಷ್ಯನಿಗೆ ಬೇರೆ ಒಂದು ಜನ್ಮ ಇತ್ತಲ್ಲ, ಅದನ್ನ ಬಲ್ಲೋರು ಇಲ್ಲಿ ಒಬ್ರೂ ಇಲ್ಲ. ನಂಗೂ ಗೊತ್ತಿಲ್ಲ ಅಂದ್ಕೊಳ್ಳಿ. ನೀವು ಬಂದು ನಾಲ್ಕು ಮಾತಾಡ್ತೀರಾ?"

"ಬರ್ತೀನಿ," ಎಂದಳು ಒಲೀಟಾ. ಫೋನಿಟ್ಟು ಬುಟ್ಟಿಯಲ್ಲಿದ್ದ ಕಾಯಿಯನ್ನೆಲ್ಲ ಮುಗಿಸಿದಳು. ಒಳಗೆ ಹೋಗಿ ಅವನ್ನು ಬೇಯಲಿಟ್ಟಳು. ಅಲ್ಲಿಯವರೆಗೂ ಬಾರದ ಅಳು, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹುಡುಕುವಾಗ ಬಂತು.

ಆಗ ಅವಳಿಗೆ ಎಪ್ಪತ್ತೆರಡು ವರ್ಷ. ಅವಳ ಗಂಡ ರಾಯ್ಸ್ ಸ್ಟಾರ್ನ್ಸ್ ಹೋಗಿ ಹನ್ನೊಂದು ವರ್ಷವಾಗಿತ್ತು. ಒಂದು ಕಾಲಕ್ಕೆ ರಾಯ್ಸನ ಕಂಟ್ರಿ ಹಾಡಿನ ತಂಡವೆಂದರೆ ಆ ಬೆಟ್ಟಸೀಮೆಯ ರೇಡಿಯೊ ಕೇಳುವವರಿಗೆಲ್ಲ ಪರಿಚಯ. ತಂಡದ ಹೆಸರು ರಾಯ್ಸನದು, ದನಿ ಒಲೀಟಾಳದು, ಆದರೆ ಪ್ರಾಣ ಡೆಲ್ಮರನದು. ಆಡು ಮುಟ್ಟದ ಸೊಪ್ಪಿಲ್ಲ, ಡೆಲ್ಮರ್ ಮುಟ್ಟದ ತಂತಿಯಿಲ್ಲ ಎನ್ನುವ ಹಾಗಿದ್ದ. ಪಿಟೀಲು, ಬ್ಯಾಂಜೊ, ಮ್ಯಾಂಡೊಲಿನ್, ತೊಡೆಯ ಮೇಲಿಟ್ಟು ನುಡಿಸುವ ಉಕ್ಕಿನ ಗಿಟಾರು, ಕೊನೆಗೆ ಆಳೆತ್ತರದ ಬಾಸು ಪಿಟೀಲು, ಯಾವುದನ್ನು ಕೈಗೆ ಕೊಟ್ಟರೂ ಅದರ ಜೊತೆಗೇ ಹುಟ್ಟಿದವನಂತೆ ನುಡಿಸುತ್ತಿದ್ದ. ಒಮ್ಮೆ ಕಿಂಗ್ಸ್‌ಪೋರ್ಟಿನಲ್ಲಿ ಪಿಟೀಲಿನವನಿಗೆ ಜ್ವರ ಬಂದು, ಬ್ಯಾಂಜೊದವನು ಕುಡಿದು ಬಿದ್ದಾಗ, ಒಂದೇ ಹಾಡಿನಲ್ಲಿ ಇದನ್ನು ಕೆಳಗಿಟ್ಟು ಅದನ್ನು ಎತ್ತಿಕೊಂಡು ಇಬ್ಬರ ಕೆಲಸವನ್ನೂ ಒಬ್ಬನೇ ಮಾಡಿದ್ದ. ಜನ ಎದ್ದು ನಿಂತು ಕೂಗಿದ್ದರು. ಅವನಿಗೆ ಮಾತ್ರ ನಾಚಿಕೆಯಾಗಿ, ಕಿವಿಯೆಲ್ಲ ಕೆಂಪಾಗಿತ್ತು.

ಆದರೂ ಒಲೀಟಾ ನೆನೆಸಿಕೊಳ್ಳುತ್ತಿದ್ದದ್ದು ಅವನ ವಾದ್ಯಗಳನ್ನಲ್ಲ, ಅವನ ಕಂಠವನ್ನು. ಅವರ ಕಡೆ ಇಬ್ಬರು ಸೇರಿ ಹಾಡುವಾಗ ಒಬ್ಬರು ಹಾಡಿನ ಧಾಟಿ ಹಿಡಿಯುತ್ತಾರೆ. ಇನ್ನೊಬ್ಬರು ಅದೇ ಮಾತನ್ನು ಕೊಂಚ ಮೇಲಿನ ದಾರಿಯಲ್ಲಿ ಹಾಡುತ್ತ ಜೊತೆಗೇ ಬರುತ್ತಾರೆ. ಒಲೀಟಾಳದು ಹೆಂಗಸಿಗೆ ತಗ್ಗಾದ, ಒರಟಾದ ದನಿ. ಡೆಲ್ಮರನದು ಗಂಡಸಿಗೆ ಎತ್ತರವಾದ, ತೆಳ್ಳಗಿನ ದನಿ. ಅವಳು ಧಾಟಿ ಹಿಡಿದರೆ ಅವನು ಮೇಲೆ ಬಂದು ಕೂರುತ್ತಿದ್ದ. ಅವಳು ಎಲ್ಲಿ ಎಳೆಯುತ್ತಾಳೆ, ಎಲ್ಲಿ ತಟ್ಟನೆ ಬಿಡುತ್ತಾಳೆ ಎಂಬುದು ಅವಳಿಗಿಂತ ಮೊದಲು ಅವನಿಗೆ ಗೊತ್ತಿರುತ್ತಿತ್ತು. ಅವನು ತಂಡ ಬಿಟ್ಟ ಮೇಲೆ ಅವಳು ನಾಲ್ಕೈದು ಜನ ಗಂಡಸರ ಜೊತೆ ಹಾಡಿದಳು, ಗಂಡನ ಜೊತೆಯೂ ಹಾಡಿದಳು. ಎಲ್ಲರೂ ಸ್ವರ ತಪ್ಪದವರೇ. ಆದರೆ ಯಾರ ಜೊತೆ ಹಾಡುವಾಗಲೂ ಅವಳಿಗೆ ತಾನು ಒಬ್ಬಳೇ ಹಾಡುತ್ತಿರುವಂತೆಯೇ ಇತ್ತು.

ಅವನು ತಂಡ ಬಿಟ್ಟು ಹೋದದ್ದಕ್ಕೆ ತಾನೇ ಕಾರಣ ಎಂದು ಅವಳು ನಲವತ್ತಮೂರು ವರ್ಷ ನಂಬಿದ್ದಳು.

ಶುರುವಾದದ್ದು ಮಾತ್ರ ಒಂದು ಹಸುವಿನಿಂದ. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಆಗಸ್ಟಿನಲ್ಲಿ ತಂಡದವರೆಲ್ಲ ಒಂದೇ ಕಾರಿನಲ್ಲಿ, ಅದರ ನೆತ್ತಿಯ ಮೇಲೆ ಬಾಸು ಕಟ್ಟಿಕೊಂಡು, ಕೆಂಟಕಿಯ ಒಂದು ರೇಡಿಯೊ ಕಾರ್ಯಕ್ರಮಕ್ಕೆ ಹೊರಟಿದ್ದರು. ದಾರಿಯಲ್ಲಿ ಎಂಜಿನ್ನು ಕಾದು ಹೊಗೆ ಎದ್ದಿತು. ನೀರು ಕೇಳಲು ಪಕ್ಕದ ಡೈರಿಗೆ ಹೋದರೆ, ಕೊಟ್ಟಿಗೆಯಲ್ಲಿ ಒಂದು ಜರ್ಸಿ ಹಸು ಕರು ಹಾಕಲಾಗದೆ ಮಲಗಿತ್ತು. ಕರುವಿನ ಮುಂಗಾಲೊಂದು ಹಿಂದಕ್ಕೆ ಮಡಚಿಕೊಂಡಿದೆ, ತನ್ನ ಕೈ ದಪ್ಪ, ಒಳಗೆ ಹೋಗುತ್ತಿಲ್ಲ, ಡಾಕ್ಟರು ಬರಲು ಮೂರು ತಾಸು ಬೇಕು ಎಂದು ರೈತ ಹೇಳಿದ. ಡೆಲ್ಮರ್ ತನ್ನ ಉದ್ದನೆಯ, ಸಪೂರ ಕೈಯನ್ನು ಒಮ್ಮೆ ನೋಡಿಕೊಂಡ. ಮಿಣಮಿಣ ಹೊಳೆಯುವ ವೇದಿಕೆಯ ಅಂಗಿಯನ್ನು ಭುಜದವರೆಗೆ ಮಡಚಿ, ತೋಳಿಗೆಲ್ಲ ಸೋಪು ಹಚ್ಚಿಕೊಂಡು, ಹುಲ್ಲಿನ ಮೇಲೆ ಮಗ್ಗುಲಾಗಿ ಮಲಗಿದ.

"ಏ, ಕಾರ್ಯಕ್ರಮ ಕಣೋ! ನಾಲ್ಕು ಗಂಟೆಗೆ!" ಎಂದು ರಾಯ್ಸ್ ಬಾಗಿಲಲ್ಲಿ ನಿಂತು ಕೂಗಿದ.

"ನಾಲ್ಕು ಗಂಟೆ ಅಂತ ಕರುಗೆ ಗೊತ್ತಿಲ್ವಲ್ಲಪ್ಪ," ಎಂದ ಡೆಲ್ಮರ್, ಕಣ್ಣು ಮುಚ್ಚಿಕೊಂಡೇ.

ಒಂದು ತಾಸು ಹಾಗೇ ಮಲಗಿದ್ದ. ತಂತಿಯನ್ನು ಶ್ರುತಿ ಮಾಡುವಾಗ ಅವನ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು. ಕೊನೆಗೆ ಕರು ಜಾರಿ ಬಂತು, ಸೀನಿತು, ತಲೆ ಒದರಿತು. ಡೆಲ್ಮರ್ ರಕ್ತದಲ್ಲಿ ತೊಯ್ದು ಗೋಡೆಗೆ ಒರಗಿ ನಗುತ್ತ ಕೂತ. ರೈತ "ಉಪಕಾರ ಆಯ್ತಪ್ಪ" ಎಂದಷ್ಟೇ ಹೇಳಿ ಹಸುವಿಗೆ ನೀರು ತರಲು ಹೋದ. ಅವರು ರೇಡಿಯೊ ಮನೆ ಮುಟ್ಟುವಷ್ಟರಲ್ಲಿ ಕಾರ್ಯಕ್ರಮ ಮುಗಿದಿತ್ತು. ರಾಯ್ಸ್ ವಾಪಸು ಬರುವ ದಾರಿಯುದ್ದಕ್ಕೂ ಬೈದ. ಊರು ಹತ್ತಿರ ಬಂದಾಗ ಡೆಲ್ಮರ್ ಒಲೀಟಾಳ ಕಡೆ ತಿರುಗಿ, ಖುಷಿಯಿಂದ ಮೆಲ್ಲಗೆ ಹೇಳಿದ: "ಆ ಕೊಟ್ಟಿಗೇಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ ಕಣೇ. ನೋಡಿದ್ಯಾ?"

ಮರುತಿಂಗಳಿಂದ ಕಾರಿನ ಹಿಂದಿನ ಸೀಟಿನಲ್ಲಿ ಅವನ ತೊಡೆಯ ಮೇಲೆ ಮ್ಯಾಂಡೊಲಿನ್ ಬದಲು ರಸಾಯನಶಾಸ್ತ್ರದ ಪುಸ್ತಕ ಬಂತು. ಊರಿನ ಕಾಲೇಜಿನಲ್ಲಿ ಹೆಸರು ಬರೆಸಿದ. ಬ್ಯಾಂಜೊದವನು "ಡಾಕ್ಟ್ರೇ, ನನ್ನ ಬಾಲ ಯಾಕೋ ನೋಯ್ತಿದೆ" ಎಂದು ಕಾಡುತ್ತಿದ್ದ.

ಅದರ ಮುಂದಿನ ವಸಂತದಲ್ಲಿ, ರಸ್ತೆ ಬದಿಯ ಹೋಟೆಲೊಂದರಲ್ಲಿ, ಉಳಿದವರೆಲ್ಲ ಹೊರಗೆ ಸಿಗರೇಟು ಸೇದುತ್ತಿದ್ದಾಗ, ಡೆಲ್ಮರ್ ಮಜ್ಜಿಗೆಯ ಲೋಟಕ್ಕೆ ಜೋಳದ ಬ್ರೆಡ್ಡು ಪುಡಿ ಮಾಡಿ ಹಾಕುತ್ತ ಕೇಳಿದ: "ಒಲೀಟಾ, ನಾನು ನಿನ್ನ ಒಂದು ವಿಷ್ಯ ಕೇಳಿದ್ರೆ ಏನಂತೀಯ?"

ಏನು ವಿಷಯವೆಂದು ಅವಳಿಗೆ ಗೊತ್ತಾಯಿತು. ರಾಯ್ಸ್ ಆ ಹೊತ್ತಿಗೆ ಅವಳಿಗೆ ನಿಶ್ಚಿತಾರ್ಥದ ಉಂಗುರ ಕೊಡಿಸಿದ್ದ, ಇನ್ನೂ ಯಾರಿಗೂ ಹೇಳಿರಲಿಲ್ಲ. "ಕೇಳ್ಬೇಡ ಡೆಲ್ಮರ್," ಎಂದಳು.

"ಸರಿ," ಎಂದು ಅವನು ಚಮಚದಲ್ಲಿ ಬ್ರೆಡ್ಡು ಎತ್ತಿ ತಿಂದ. ಆ ಸಂಜೆ ಎಂದಿನಂತೆಯೇ ಹಾಡಿದ. ಜೂನಿನಲ್ಲಿ ಅವಳ ಮದುವೆಗೆ ಪಿಟೀಲು ನುಡಿಸಿದವನೂ ಅವನೇ. ಎಪ್ಪತ್ತಾರರಲ್ಲಿ, ನ್ಯಾಶ್‌ವಿಲ್ಲಿನ ದೊಡ್ಡ ಸ್ಟುಡಿಯೊ ಒಂದು ಅವನನ್ನು ಕಾಯಂ ಆಗಿ ಕರೆದ ವಾರವೇ, ಪಶುವೈದ್ಯ ಕಾಲೇಜಿನಲ್ಲಿ ಜಾಗ ಸಿಕ್ಕಿದೆ ಎಂದು ಹೇಳಿ, ವಾದ್ಯಗಳನ್ನೆಲ್ಲ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಹೊರಟುಹೋದ. ಆಮೇಲೆ ಅವಳು ಅವನನ್ನು ನೋಡಿದ್ದು ಒಂದೇ ಸಲ, ರಾಯ್ಸನ ಮಣ್ಣಿಗೆ ಬಂದಿದ್ದಾಗ. ಸಾಲಿನಲ್ಲಿ ನಿಂತು ಅವಳ ಕೈ ಹಿಡಿದುಕೊಂಡ. ಅಂಗೈ ಒರಟಾಗಿತ್ತು. "ಒಂದು ಹಸು ಕಾಯ್ತಿದೆ," ಎಂದು ಹೇಳಿ ಹೋದ. ಎರಡು ತಾಸಿನ ದಾರಿ ಅಷ್ಟೇ ಸ್ಟೋನಿ ಫೋರ್ಕು, ಅವಳು ಎಂದೂ ಆ ಕಡೆ ಕಾರು ತಿರುಗಿಸಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು ಎನ್ನುವುದೇ ಅವಳ ಅಡ್ಡಿಯಾಗಿತ್ತು.

ಜುಲೈ ಶನಿವಾರ ಅವಳು ಸಭೆಗೆ ಒಂದೆರಡು ತಾಸು ಮೊದಲೇ ನೋರೀನಳ ಮನೆ ಮುಟ್ಟಿದಳು. ನೋರೀನ್ ಗಿಡ್ಡನೆಯ, ಚುರುಕು ಹೆಂಗಸು, ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವಳು. ಅಡಿಗೆಮನೆಯಲ್ಲಿ ಬೆಂದ ಮೊಟ್ಟೆಗಳನ್ನು ಸೀಳಿ, ಹಳದಿಯನ್ನು ಸಾಸಿವೆಯ ಜೊತೆ ಕಲಸಿ ಮತ್ತೆ ತುಂಬುತ್ತಿದ್ದಳು. ಒಲೀಟಾ ಕೈ ತೊಳೆದುಕೊಂಡು ಜೊತೆಗೆ ನಿಂತಳು. ಮನೆಯಲ್ಲಿ ಎಲ್ಲಿ ನೋಡಿದರೂ ಒಂದು ವಾದ್ಯವಿರಲಿಲ್ಲ.

ಹತ್ತು ಮೊಟ್ಟೆ ತುಂಬುವವರೆಗೂ ಒಲೀಟಾ ತಡೆದುಕೊಂಡಳು. "ನೋರೀನ್, ಅವನು ಯಾಕೆ ತಂಡ ಬಿಟ್ಟ ಅಂತ ನಿಮ್ಮ ಹತ್ರ ಯಾವತ್ತಾದ್ರೂ ಹೇಳಿದ್ನಾ?"

ನೋರೀನ್ ಅವಳನ್ನೊಮ್ಮೆ ನೋಡಿ ಜೋರಾಗಿ ನಕ್ಕಳು. "ಅಯ್ಯೋ ದೇವರೇ! ನೀವು ನಿಮ್ಮಿಂದ ಅಂದ್ಕೊಂಡಿದ್ರಾ? 'ನಿನಗಿಂತ ಮುಂಚೆ ಒಬ್ಬಳನ್ನ ಕೇಳೋಕೆ ಹೋಗಿದ್ದೆ, ಕೇಳ್ಬೇಡ ಅಂದ್ಲು, ನಾನು ಕೇಳಲಿಲ್ಲ' ಅಂತ ನಮ್ಮ ಮದುವೆಗೆ ಮುಂಚೇನೇ ಹೇಳಿದ್ರು. ಅದನ್ನ ಹೇಳ್ಕೊಂಡು ನಾವು ಎಷ್ಟು ನಗ್ತಿದ್ವಿ ಗೊತ್ತಾ? ಹಸು ಕಣ್ರೀ. ಬರೀ ಹಸು. ಆ ಮನುಷ್ಯನಿಗೆ ಕೊಟ್ಟಿಗೆ ಅಂದ್ರೆ ಪ್ರಾಣ."

"ಬೇಜಾರು ಮಾಡ್ಕೋತಿರಲಿಲ್ವಾ? ತಂಡ ಬಿಟ್ಟಿದ್ದಕ್ಕೆ?"

"ಒಂದಿನಾನೂ ನಾನು ನೋಡಿಲ್ಲ. ಬೆಳಿಗ್ಗೆ ಎದ್ರೆ ಹುಡುಗ ಜಾತ್ರೆಗೆ ಹೊರಟ ಹಾಗೆ ಹೊರಡೋರು." ನೋರೀನಳಿಗೆ ತಾನು ಏನೋ ಕಸಿದುಕೊಂಡೆನೇನೋ ಎನ್ನಿಸಿರಬೇಕು. ಒದ್ದೆ ಕೈಯಿಂದಲೇ ಒಲೀಟಾಳ ಮೊಣಕೈ ಮುಟ್ಟಿದಳು. "ನಿಮ್ಮ ಬಗ್ಗೆ ಮಾತ್ರ ಯಾವಾಗ್ಲೂ ಒಳ್ಳೇದೇ ಹೇಳೋರು."

ಇಷ್ಟು ವರ್ಷ ಹೊತ್ತ ಹೊರೆ ಇಳಿದಾಗ ಹಗುರಾಗಬೇಕಿತ್ತು. ಒಲೀಟಾಳಿಗೆ ಎದೆ ಬರಿದಾದಂತಾಯಿತು. ತಪ್ಪು ತನ್ನದು ಎಂದುಕೊಂಡಿರುವಷ್ಟು ಕಾಲವೂ ಅವನ ಬಾಳಿನಲ್ಲಿ ತನಗೊಂದು ದೊಡ್ಡ ಜಾಗವಿತ್ತು. ಈಗ ನೋಡಿದರೆ ಅಲ್ಲಿ ಹಸುಗಳಿದ್ದವು. ಅವಳು ಇನ್ನೊಂದು ಮೊಟ್ಟೆ ಕೈಗೆತ್ತಿಕೊಂಡಳು.

ಸಭಾಮನೆ ತುಂಬಿತ್ತು. ಹಂದಿಮಾಂಸ, ಬೀನ್ಸು, ಏಳೆಂಟು ಬಗೆಯ ಕೇಕು, ಸಕ್ಕರೆ ಸುರಿದ ತಣ್ಣನೆಯ ಚಹಾ. ಊಟವಾದ ಮೇಲೆ ಒಬ್ಬೊಬ್ಬರೇ ಎದ್ದು ಮಾತಾಡಿದರು. ನೋರೀನ್ ಹೇಳಿದಂತೆಯೇ ಎಲ್ಲ ಹಸುವಿನ ಮಾತು. ಒಬ್ಬಳು ಮುದುಕಿ, ಡಾಕ್ಟರು ಹಿಮದಲ್ಲಿ ನಾಲ್ಕು ಮೈಲಿ ನಡೆದು ಬಂದು ತನ್ನ ಒಂದೇ ಒಂದು ಮೇಕೆಗೆ ಸೂಜಿ ಚುಚ್ಚಿದ್ದನ್ನು ಹೇಳಿ ಅತ್ತಳು.

ಆಮೇಲೆ ಎದ್ದವನು ಟ್ರಾಯ್ ಮಲ್ಲಿನ್ಸ್, ಅರವತ್ತರ ಆಸುಪಾಸಿನ ಡೈರಿಯವ, ಹೊಸ ಮೇಲಂಗಿಯಲ್ಲಿ ಇಕ್ಕಟ್ಟಿಗೆ ಸಿಕ್ಕವನಂತೆ ನಿಂತ. "ನಂಗೆ ಮಾತು ಬರಲ್ಲ," ಎಂದ. "ಆದ್ರೆ ಒಂದು ಹೇಳ್ಬೇಕು. ಡಾಕ್ಟ್ರು ಹಸು ಹೊಟ್ಟೆ ಒಳಗೆ ಕೈ ಇಟ್ಕೊಂಡಿರೋವಾಗ ಏನೋ ಗುನುಗೋರು. ಹಸು ಸುಮ್ಮನಾಗೋದು. ಮೂವತ್ತೈದು ವರ್ಷ ಕೇಳಿ ಕೇಳಿ ನಂಗೂ ಬಾಯಿಗೆ ಬಂದ್ಬಿಟ್ಟಿದೆ. ತಲೆ ಇಲ್ಲ, ಬುಡ ಇಲ್ಲ, ಅದೆಂಥಾ ರಾಗ ಅಂತ ದೇವ್ರಿಗೇ ಗೊತ್ತು. ನಾವೆಲ್ಲ ಡಾಕ್ಟ್ರ ಗೊಣಗು ಅಂತಿದ್ವಿ."

"ಅದನ್ನ ಕೇಳೇ ನಾನು ಅವರಿಗೆ ಕಂಠ ಇಲ್ಲ, ತಂಡದಲ್ಲಿ ಬರೀ ವಾದ್ಯ ನುಡಿಸ್ತಿದ್ರು ಅಂದ್ಕೊಂಡಿದ್ದು!" ಎಂದಳು ನೋರೀನ್ ಮುಂದಿನ ಸಾಲಿನಿಂದ. ಜನ ನಕ್ಕರು. "ಹಾಡಿ ತೋರ್ಸೋ ಟ್ರಾಯ್," ಎಂದು ಯಾರೋ ಕೂಗಿದರು.

ಟ್ರಾಯ್ ಕುತ್ತಿಗೆಯ ಗುಂಡಿ ಬಿಚ್ಚಿ, ನೆಲ ನೋಡುತ್ತ, ಮಾತಿಲ್ಲದೆ ಗುನುಗಿದ. ಎತ್ತರದಲ್ಲೇ ಶುರುವಾಯಿತು, ಅಲ್ಲೇ ನಿಂತಿತು, ಒಂದು ಮೆಟ್ಟಿಲು ಇಳಿದು ಕಾರಣವಿಲ್ಲದೆ ಮತ್ತೆ ಹತ್ತಿತು, ಯಾರನ್ನೋ ಕಾಯುವಂತೆ ಒಂದೇ ಸ್ವರದ ಮೇಲೆ ಉಳಿಯಿತು. ಜನ ಮತ್ತೆ ನಗಲು ಸಿದ್ಧರಾದರು.

ಒಲೀಟಾಳಿಗೆ ಅದು ಗೊತ್ತಿತ್ತು ಎನ್ನುವುದಿರಲಿ, ಆ ದಾರಿಯ ಒಂದೊಂದು ತಿರುವೂ ಅವಳ ಕಿವಿಯಲ್ಲೇ ಹುಟ್ಟಿದ್ದು. ಕೈಯಲ್ಲಿದ್ದ ಚಹಾದ ಲೋಟ ಬೆಂಚಿನ ಮೇಲಿಟ್ಟು ಎದ್ದು ನಿಂತಳು.

"ಇನ್ನೊಂದ್ಸಲ ಹಾಡಿ," ಎಂದಳು. "ನಾನು ಏನು ಮಾಡಿದ್ರೂ ನೀವು ನಿಲ್ಲಿಸ್ಬೇಡಿ. ನೀವು ನಿಮ್ಮ ದಾರೀಲೇ ಹೋಗ್ತಿರಿ."

ಟ್ರಾಯ್ ಹೆದರಿದವನಂತೆ ನೋರೀನಳನ್ನು ನೋಡಿ, ಮತ್ತೆ ಶುರು ಮಾಡಿದ. ಎರಡನೇ ಸ್ವರಕ್ಕೆ ಒಲೀಟಾ ಕೆಳಗಿನಿಂದ ಬಂದು ಸೇರಿಕೊಂಡಳು:

"ದೋಣಿ ಈ ದಡದಲ್ಲೇ ಇದೆ,
ಹುಟ್ಟು ಮಾತ್ರ ನಿನ್ನ ಕೈಲಿದೆ..."

ಅವಳ ದನಿ ಈಗ ಒಡೆದ ಮಡಕೆಯಂತಾಗಿತ್ತು. ಆದರೂ ಧಾಟಿ ಧಾಟಿಯೇ. ಅದು ಕೆಳಗೆ ಬಂದು ನಿಂತದ್ದೇ ತಡ, ಮೇಲೆ ದಿಕ್ಕಿಲ್ಲದೆ ಅಲೆಯುತ್ತಿದ್ದದ್ದಕ್ಕೆ ದಿಕ್ಕು ಸಿಕ್ಕಿತು. ಹತ್ತಿದ್ದಕ್ಕೂ ಇಳಿದದ್ದಕ್ಕೂ ಕಾರಣ ಹುಟ್ಟಿತು. ನಗಲು ಬಾಯಿ ತೆರೆದವರು ಹಾಗೇ ಕೂತರು. ಟ್ರಾಯ್ ಕಣ್ಣು ಅಗಲಿಸಿ ಅವಳನ್ನೇ ನೋಡುತ್ತ, ಆದರೆ ಹೇಳಿದಂತೆ ನಿಲ್ಲಿಸದೆ, ಕೊನೆಯವರೆಗೂ ಹೋದ. ಕೊನೆಯ ಸಾಲಿಗೆ ಮುಂಚೆ ಅವನು ಒಂದು ಸಣ್ಣ ಉಸಿರು ತೆಗೆದುಕೊಂಡ. ಅಲ್ಲಿ ಉಸಿರು ಬೇಕಿರಲಿಲ್ಲ. ಡೆಲ್ಮರ್ ಮಾತ್ರ ಅಲ್ಲಿ ಉಸಿರು ತೆಗೆಯುತ್ತಿದ್ದ, ರಾಯ್ಸ್ ಅದಕ್ಕೆ ಬೈಯುತ್ತಿದ್ದ.

ಹಾಡು ಮುಗಿದ ಮೇಲೆ ಟ್ರಾಯ್ ಕುತ್ತಿಗೆಯ ಗುಂಡಿ ಮತ್ತೆ ಹಾಕಿಕೊಂಡು ಕೂತ.

"ಅಂದ್ರೆ," ಎಂದಳು ನೋರೀನ್ ನಿಧಾನವಾಗಿ, ಲೆಕ್ಕ ಬಿಡಿಸುವವಳಂತೆ, "ನನ್ನ ಮನೇಲಿ ಇಷ್ಟು ವರ್ಷ ಇದ್ದದ್ದು ಅರ್ಧ ಹಾಡು."

ಮಾತಾಡಲೆಂದು ಒಲೀಟಾ ಬರೆದು ತಂದಿದ್ದ ಕಾಗದ ಕೈಚೀಲದಲ್ಲೇ ಉಳಿಯಿತು. "ಅವನು ಮೇಲಿನ ದನಿ, ನಾನು ಕೆಳಗಿನದು. ಅಷ್ಟೇ," ಎಂದಳು. ಆಮೇಲೆ ನೋರೀನಳ ಪಕ್ಕ ಹೋಗಿ ಕೂತಳು. ನೋರೀನ್ ಅವಳ ಕೈ ಹಿಡಿದುಕೊಂಡಳು, ಆದರೆ ಕೊಂಚ ಹೊತ್ತು ಅವಳ ಮುಖ ನೋಡಲಿಲ್ಲ. ಅದನ್ನು ಒಲೀಟಾ ತಪ್ಪೆಂದು ತಿಳಿಯಲಿಲ್ಲ.

ಮನೆಗೆ ಮರಳುವಾಗ ಕಾರಿನಲ್ಲಿ ನೋರೀನ್ ಕೇಳಿದಳು: "ಹಾಡ್ತಿದ್ದೆ ಅಂತ ನನ್ನ ಮುಂದೆ ಯಾಕೆ ಹೇಳಲಿಲ್ಲ? ಕಂಠ ಇಲ್ಲ ಅಂತ ಚರ್ಚಲ್ಲಿ ಬಾಯಿ ಮುಚ್ಚಿಸ್ತಿದ್ದೆ ನಾನು. ಸುಮ್ಮನೆ ನಗೋರು."

"ಅವನಿಗೆ ನಾಚಿಕೆ ಜಾಸ್ತಿ," ಎಂದಳು ಒಲೀಟಾ. ಅವಳಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಹಾಡು ಬಿಟ್ಟದ್ದಕ್ಕೆ ದುಃಖವಿಲ್ಲದ ಮನುಷ್ಯ ಕೆಳಗೊಂದು ಜಾಗ ಖಾಲಿ ಬಿಟ್ಟುಕೊಂಡು ಅಷ್ಟು ವರ್ಷ ಯಾಕೆ ಹಾಡಿದ? ಸುಖವಾಗಿದ್ದ ಎನ್ನುವುದೂ ನಿಜ, ಹಾಡುತ್ತಿದ್ದ ಎನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಅವಳಿಗೆ ಆ ರಾತ್ರಿ ಆಗಲಿಲ್ಲ.

ಮರುದಿನ ಭಾನುವಾರ ಊರಿಗೆ ಹೊರಡುವವಳಿದ್ದಳು. ಬೆಳಗಿನ ತಿಂಡಿಯ ಹೊತ್ತಿಗೆ ಟ್ರಾಯ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದ. "ಮಿಸ್ ಒಲೀಟಾ, ನಂಗೆ ನಿದ್ದೇನೇ ಬರಲಿಲ್ಲ. ಅದೊಂದೇ ಅಲ್ಲ. ಡಾಕ್ಟ್ರದ್ದು ಇನ್ನೂ ಇದಾವೆ. ಲೆಕ್ಕ ಹಾಕ್ದೆ, ಎಲ್ಲಾ ಸೇರಿ ಹನ್ನೊಂದು."

ಹಾಗೆ ಅವಳು ಸ್ಟೋನಿ ಫೋರ್ಕಿಗೆ ಹೋಗಿ ಬರುವುದು ಶುರುವಾಯಿತು. ಆ ಬೇಸಿಗೆಯೆಲ್ಲ ವಾರಕ್ಕೊಮ್ಮೆ ಎರಡು ತಾಸು ಕಾರು ಓಡಿಸಿಕೊಂಡು ಬಂದು, ನೋರೀನಳ ಜೊತೆ ಊಟ ಮಾಡಿ, ಸಂಜೆಯ ಹಾಲು ಕರೆಯುವ ಹೊತ್ತಿಗೆ ಇಬ್ಬರೂ ಟ್ರಾಯ್‌ನ ಕೊಟ್ಟಿಗೆಗೆ ಹೋಗುತ್ತಿದ್ದರು. ಮನೆಯೊಳಗೆ ಕೂತರೆ ಅವನಿಗೆ ದನಿ ಏಳುತ್ತಿರಲಿಲ್ಲ, ಹಸುಗಳ ನಡುವೆಯೇ ಆಗಬೇಕಿತ್ತು. ಅವನು ಗುನುಗುವನು, ಅವಳು ಕೆಳಗಿನಿಂದ ಒಂದೊಂದೇ ಹಾಡು ಹಿಡಿದು ನೋಡುವಳು. ಹೊಂದಿದರೆ ಅವಳಿಗೆ ಮೊದಲ ಸ್ವರಕ್ಕೇ ಗೊತ್ತಾಗುತ್ತಿತ್ತು. ಒಂದು ಅವರ ಮೊದಲ ರೆಕಾರ್ಡಿನದು. ಇನ್ನೊಂದು ಕೆಂಟಕಿಯಲ್ಲಿ ಎರಡೇ ಸಲ ಹಾಡಿದ್ದು, ಅವಳೇ ಮರೆತಿದ್ದಳು. ಮಾತುಗಳು ಒಂದೊಂದಾಗಿ, ಹಳೆಯ ಪೆಟ್ಟಿಗೆಯಿಂದ ಬಟ್ಟೆ ತೆಗೆದಂತೆ, ಹೊರಗೆ ಬಂದವು. ನೋರೀನ್ ಹಾಲಿನ ಕ್ಯಾನಿನ ಮೇಲೆ ಕೂತು ಹಾಡಿನ ಹೆಸರುಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಳು. "ಇದು ಮೇಕೆ ಕಾಲು ಮುರಿದಾಗ ಹಾಡೋರು," ಎಂದು ನಡುನಡುವೆ ಹೇಳುತ್ತಿದ್ದಳು. "ಇದು ನಮ್ಮ ಮಗಳು ಹುಟ್ಟಿದ ಬೆಳಿಗ್ಗೆ." ಹಾಡು ತನ್ನದು, ಬೆಳಿಗ್ಗೆ ನೋರೀನಳದು ಎಂದುಕೊಳ್ಳುವಳು ಒಲೀಟಾ.

ಅಕ್ಟೋಬರ್ ಬರುವಷ್ಟರಲ್ಲಿ ಹತ್ತು ಹಾಡು ಸಿಕ್ಕವು. ಹನ್ನೊಂದನೆಯದು ಸಿಗಲಿಲ್ಲ. ಅದು ಉಳಿದವುಗಳಿಗಿಂತ ನಿಧಾನ, ಕಡೆಯಲ್ಲಿ ಮೂರು ಸಲ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ತಂಡ ಹಾಡಿದ ಹಾಡುಗಳನ್ನೆಲ್ಲ, ಅವಳ ಅಮ್ಮ ಹಾಡುತ್ತಿದ್ದವನ್ನೂ, ಚರ್ಚಿನವನ್ನೂ ಅದರ ಕೆಳಗಿಟ್ಟು ನೋಡಿದಳು. ಒಂದೂ ಕೂರಲಿಲ್ಲ.

"ಅವರೇ ಕಟ್ಟಿದ್ದೇನೋ," ಎಂದಳು ನೋರೀನ್.

"ಇರಬಹುದು."

"ಹಾಗಾದ್ರೆ ಕೆಳಗಿನದೂ ಅವರ ತಲೇಲಿತ್ತಲ್ವಾ?"

"ಇದ್ದಿರ್ಬೇಕು," ಎಂದಳು ಒಲೀಟಾ.

ಹೊರಗೆ ಚಳಿಗಾಲದ ಮೊದಲ ಗಾಳಿ ಬೀಸುತ್ತಿತ್ತು. ಕೊನೆಯ ಹಸುವಿನ ಕೆಚ್ಚಲು ಒರೆಸುತ್ತ ಟ್ರಾಯ್ ಅದನ್ನೇ ಇನ್ನೊಮ್ಮೆ ಎತ್ತಿಕೊಂಡ. ಒಲೀಟಾ ಈ ಸಲ ಅದರ ಕೆಳಗೆ ಯಾವ ಹಾಡನ್ನೂ ಇಡಲು ಹೋಗಲಿಲ್ಲ. ಕೊಟ್ಟಿಗೆಯ ಕಂಬಿಗೆ ಕೈಯೂರಿ, ಅವನು ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ತಾನೂ ಉಸಿರು ತೆಗೆದುಕೊಳ್ಳುತ್ತ, ಮುಗಿಯುವವರೆಗೂ ನಿಂತು ಕೇಳಿದಳು.